ಎರಡು ಜೊತೆ, ಒಂದೇ ದನಿ

ತಾರ್ನಾಕದ ಹಣ್ಣಿನ ಗಾಡಿಯವನು ನೀಲಾ ಬರುವುದನ್ನು ಕಂಡರೆ ಟೊಳ್ಳು ಕಲ್ಲಂಗಡಿಗಳನ್ನು ಗೋಣಿಯ ಕೆಳಗೆ ಸರಿಸಿಬಿಡುತ್ತಿದ್ದ. ಆಕೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಮುಂದೆ ಸರಿದಳೆಂದರೆ ಹಿಂದೆ ನಿಂತ ನಾಲ್ಕು ಜನರೂ ಆ ಹಣ್ಣನ್ನು ಮುಟ್ಟುತ್ತಿರಲಿಲ್ಲ.

ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆ ಸೇರಿ, ಮೂವತ್ತಾರು ವರ್ಷ ಒಂದೇ ಕೆಲಸ ಮಾಡಿದ್ದಳು. ಸೈನಿಕರಿಗಾಗಿ ತಯಾರಾದ ಹೆಡ್‌ಫೋನುಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಕೇಳಿ, ಪಾಸು ಅಥವಾ ರಿಜೆಕ್ಟು ಎಂದು ಮುದ್ರೆ ಒತ್ತುವುದು. ಯಂತ್ರಗಳಿದ್ದವು. ಆದರೆ ಯಂತ್ರ ಒಪ್ಪಿದ್ದನ್ನೂ ನೀಲಾ ಕೇಳದೆ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ನಂಬದೆ ಇರುವುದಕ್ಕೇ ಆಕೆಗೆ ಸಂಬಳ ಬರುತ್ತಿತ್ತು. ನಿವೃತ್ತಿಯಾಗಿ ಮೂರು ವರ್ಷವಾದರೂ ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ಹಾಲಿನವನ ಅಳತೆ, ಔಷಧಿ ಚೀಟಿಯ ಮೇಲಿನ ತಾರೀಖು, ಗಂಡ ತಿಪ್ಪೇಸ್ವಾಮಿ ಸಕ್ಕರೆ ಹಾಕಿಲ್ಲವೆಂದು ಹೇಳಿ ಕುಡಿಯುವ ಚಹಾ, ಎಲ್ಲವೂ ತನಿಖೆಗೆ ಒಳಪಡುತ್ತಿದ್ದವು.

ಹೀಗಿರುವಾಗ ಬಸವಕಿರಣ ಬಂದ. ಅದೇ ಕಾರ್ಖಾನೆಯಲ್ಲಿ ತಿಪ್ಪೇಸ್ವಾಮಿಯ ಜೊತೆಗಿದ್ದ ವೈಜನಾಥನ ಮಗ. ಮಾದಾಪುರದಲ್ಲಿ ಇಯರ್‌ಫೋನ್ ಮಾರುವ ಕಂಪನಿಯಲ್ಲಿ ಅವನಿಗೆ ಕೆಲಸ. ಹೊಸ ಮಾಲು ಮಾರುಕಟ್ಟೆಗೆ ಬಿಡುವ ಮೊದಲು ಆರು ಜನ ಕೂತು ಕೇಳಿ ಅಭಿಪ್ರಾಯ ಬರೆದುಕೊಡುವ ತಂಡವೊಂದಿದೆ, ಕಾಕು ಅದಕ್ಕೆ ಸೇರಬೇಕು ಎಂದ. ಹೊರಗೆ ಸಿಕ್ಕರೆ ಮೇಡಂ ಎನ್ನುವ ಹುಡುಗ ಮನೆಗೆ ಬಂದು ಚಿಕ್ಕಮ್ಮನನ್ನು ಕರೆದಂತೆ ಕಾಕು ಎಂದರೆ ಏನೋ ಕೆಲಸವಾಗಬೇಕಿದೆ ಎಂದು ನೀಲಾಳಿಗೆ ಗೊತ್ತು. ಆದರೂ ಸೇರಿದಳು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮೆಟ್ರೋ ಹಿಡಿದು ಹೋಗಿಬರುತ್ತಿದ್ದಳು.

ಮೂರನೆಯ ಸಲ ಮೇಜಿನ ಮೇಲೆ ಎರಡು ಜೊತೆ ಇಯರ್‌ಫೋನ್ ಇಟ್ಟಿದ್ದರು. ಎರಡೂ ವೈರಿನವು, ಕಿವಿಯೊಳಕ್ಕೆ ತೂರಿಸಿಕೊಳ್ಳುವಂಥವು. ಕಪ್ಪನೆಯದು ಹಳೆಯ ಮಾದರಿ, ತಾಮ್ರದ ಬಣ್ಣದ್ದು ಹೊಸದು. ಹೊಸದರೊಳಗಿನ ಸ್ಪೀಕರ್ ದೊಡ್ಡದು, ದನಿ ತುಂಬಿ ಬರುತ್ತದೆ ಎಂದು ಬಸವಕಿರಣ ಮೊದಲೇ ಹೇಳಿಬಿಟ್ಟ. ಎಲ್ಲರೂ ಕೇಳಿದರು. ಪಿಂಕಿ ಎಂಬ ಹುಡುಗಿ ಕಣ್ಣು ಮುಚ್ಚಿ ತಲೆದೂಗಿದಳು. ಐದು ಜನ ಹೊಸದೇ ಚೆನ್ನಾಗಿದೆ ಎಂದು ಬರೆದರು. ನೀಲಾ ಎರಡನ್ನೂ ನಾಲ್ಕು ಸಲ ಹಾಕಿ ತೆಗೆದು, ವ್ಯತ್ಯಾಸವಿಲ್ಲ ಎಂದು ಬರೆದಳು.

ಹಾಗೆ ಬರೆಯುವಾಗ ಆಕೆಗೆ ಒಳಗೊಳಗೇ ನಗು ಬಂದಿತ್ತು. ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಒಮ್ಮೆ ನೋಡಿ ಮುಗಿಸಿದ ಪೀಸನ್ನೇ ಗುರುತು ಅಳಿಸಿ, ಕೇಳುವವರಿಗೆ ತಿಳಿಯದಂತೆ ಮತ್ತೆ ಲಾಟಿನ ನಡುವೆ ಸೇರಿಸುತ್ತಿದ್ದರು. ಕೇಳುವವರ ಕಿವಿಯನ್ನೇ ಪರೀಕ್ಷಿಸುವ ಉಪಾಯ. ಆ ಪೀಸಿಗೆ ಅಲ್ಲಿನ ಹೆಂಗಸರು ಅತ್ತೆ ಎಂದು ಹೆಸರಿಟ್ಟಿದ್ದರು. ಇಲ್ಲೂ ಒಂದೇ ಮಾಲಿಗೆ ಎರಡು ಬಣ್ಣದ ಕವಚ ತೊಡಿಸಿ ಅತ್ತೆಯನ್ನು ಕಳಿಸಿದ್ದಾರೆ ಎಂದೇ ನೀಲಾ ತಿಳಿದಳು.

ಬಸವಕಿರಣನ ಮುಖ ಸಪ್ಪಗಾದದ್ದನ್ನು ನೋಡಿದಾಗ ಮಾತ್ರ ನಗು ನಿಂತಿತು. ಅವನು ಲ್ಯಾಪ್‌ಟಾಪಿನಲ್ಲಿ ಒಂದು ಗ್ರಾಫು ತೋರಿಸಿದ. ಎರಡು ಗೆರೆಗಳ ನಡುವೆ ಬೆರಳು ತೂರುವಷ್ಟು ಅಂತರವಿತ್ತು. ಯಂತ್ರಕ್ಕೆ ಕಾಣುವ ಇಷ್ಟು ದೊಡ್ಡ ವ್ಯತ್ಯಾಸ ಮೇಡಮ್ಮಿನ ಕಿವಿಗೆ ಬೀಳಲಿಲ್ಲವೆಂದರೆ ಹೇಗೆ ಎಂದ. ಮುಂದಿನ ಸಲವೂ ಹೀಗೆ ಒಬ್ಬರೇ ಬೇರೆ ಬರೆದರೆ ತಂಡದಿಂದ ಕೈಬಿಡುವುದು ನಿಯಮ ಎಂದೂ ಹೇಳಿ, ಮನೆಯಲ್ಲಿ ನಿಧಾನವಾಗಿ ಕೇಳಲೆಂದು ಎರಡೂ ಜೊತೆಗಳನ್ನು ಸಹಿ ಹಾಕಿಸಿಕೊಂಡು ಕೊಟ್ಟ.

ದಾರಿಯುದ್ದಕ್ಕೂ ನೀಲಾ ಲೆಕ್ಕ ಹಾಕಿದಳು. ಹುಡುಗ ಸುಳ್ಳು ಹೇಳುತ್ತಿರಬೇಕು. ಇಲ್ಲವೇ ಹುಡುಗನಿಗೇ ಯಾರೋ ಸುಳ್ಳು ಹೇಳಿರಬೇಕು. ಮೂರನೆಯ ಸಾಧ್ಯತೆಯೂ ಒಂದಿತ್ತು. ತನ್ನ ಕಿವಿ ಕೆಟ್ಟಿರಬೇಕು. ಹೋಗುವುದು ಮಾದಾಪುರದ ಕೆಲಸವಷ್ಟೇ ಆಗಿದ್ದರೆ ಆಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಕಿವಿ ಯಾವಾಗಿನಿಂದ ಕೆಟ್ಟಿದೆ? ನಿವೃತ್ತಿಗೆ ಮೊದಲೇ ಕೆಟ್ಟಿದ್ದರೆ ಕೊನೆಯ ವರ್ಷಗಳಲ್ಲಿ ಒತ್ತಿದ ಮುದ್ರೆಗಳ ಗತಿ ಏನು?

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ತಿಪ್ಪೇಸ್ವಾಮಿಯನ್ನು ಕೂರಿಸಿಕೊಂಡಳು. ಫೋನಿನಲ್ಲಿ, ತಗ್ಗು ದನಿಯಿಂದ ಶುರುವಾಗಿ ಮೇಲಕ್ಕೇರುತ್ತ ಹೋಗುವ ಒಂದು ಶಿಳ್ಳೆಯಿತ್ತು; ಪಟ್ಟಿಯ ಮೇಲೆ ಬೆರಳು ಸರಿಸಿದಂತೆಲ್ಲ ಅದು ಏರುತ್ತಿತ್ತು, ಪಕ್ಕದಲ್ಲಿ ಹರ್ಟ್ಸ್ ಲೆಕ್ಕದ ಅಂಕಿ ಕಾಣುತ್ತಿತ್ತು. ಬೆರಳು ಸರಿಸುವುದು ಗಂಡನ ಕೆಲಸ. ನೀಲಾ ಅವನಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂರುವಳು. ದನಿ ಕುಗ್ಗಿದ ಕಡೆ, ಕರಕರ ಎಂದ ಕಡೆ, ನಿಂತುಹೋದ ಕಡೆ ಕೈ ಎತ್ತುವಳು. ಅವನು ಆ ಅಂಕಿಯನ್ನು ಬರೆದುಕೊಳ್ಳಬೇಕು.

"ನಿಂಗೀಗ ಅನುಮಾನ ಯಾರ ಮೇಲೆ?" ಎಂದ ತಿಪ್ಪೇಸ್ವಾಮಿ.

"ಎಲ್ಲಾರ ಮ್ಯಾಲೂ. ಬಾಯಿಲೆ ನಂಬರ್ ಹೇಳಬ್ಯಾಡ್ರಿ."

ಕಪ್ಪು ಜೊತೆಗೆ ಒಂದು ಹಾಳೆ, ತಾಮ್ರದ ಜೊತೆಗೆ ಒಂದು ಹಾಳೆ ತುಂಬಿದವು. ಆಮೇಲೆ ಆಕೆಗೆ ಗಂಡನ ಮೇಲೆಯೇ ಸಂಶಯ ಬಂತು. ಪೇಪರ್ ಓದುವ ಆತುರಕ್ಕೆ ಮೊದಲಿನ ಅಂಕಿಗಳನ್ನೇ ನೋಡಿ ಬರೆದಿದ್ದರೆ? ಆ ಹಾಳೆಗಳನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿ, ಮತ್ತೆರಡು ಹೊಸ ಹಾಳೆ ಕೊಟ್ಟು, ತಾಮ್ರದ್ದು ಮೊದಲು, ಕಪ್ಪು ಆಮೇಲೆ ಎಂದು ತಿರುಗಿಸಿ ಮಾಡಿಸಿದಳು. ನಾಲ್ಕು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಆರುನೂರರ ಹತ್ತಿರ ಕರಕರ, ನಾಲ್ಕು ಸಾವಿರದ ಹತ್ತಿರ ಕುಗ್ಗು, ಹತ್ತು ಸಾವಿರದಲ್ಲಿ ದನಿ ನಿಲುಗಡೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಅವೇ ಅಂಕಿಗಳು.

ಪರೀಕ್ಷೆಯಲ್ಲಿ ಸರಿಯುತ್ತರ ಇಬ್ಬರಿಗೂ ಬರಬಹುದು. ತಪ್ಪುತ್ತರವೂ ಇಬ್ಬರದೂ ಒಂದೇ ಆಗಿದ್ದರೆ ಅದು ಕಾಪಿ. ಯಾವ ಮೇಷ್ಟ್ರಿಗೂ ಗೊತ್ತಿರುವ ಮಾತು. ಎರಡು ಬೇರೆ ಸ್ಪೀಕರುಗಳು ಒಂದೇ ಜಾಗದಲ್ಲಿ ಕರಕರ ಎನ್ನುವುದುಂಟೇ? ಆದರೆ ಆ ಸಮಾಧಾನ ಐದು ನಿಮಿಷವೂ ಉಳಿಯಲಿಲ್ಲ. ನಾಲ್ಕು ಹಾಳೆಗಳಿಗೂ ಕಿವಿ ಒಂದೇ ಅಲ್ಲವೇ? ಕುಗ್ಗಿದ್ದು ಇಯರ್‌ಫೋನಿನದಲ್ಲದೆ ಕಿವಿಯದೇ ಆಗಿದ್ದರೂ ಹಾಳೆಗಳು ಹೀಗೇ ಇರುತ್ತಿದ್ದವು.

ತಿಪ್ಪೇಸ್ವಾಮಿ ವಾರ್ತೆ ಕೇಳುವ ಇಯರ್‌ಫೋನನ್ನು ಕೇಳಿದಳು. ಅದು ಬೇರೆ ಕಂಪನಿಯದು.

"ಅದರಾಗೆ ನನ್ ಕಿವಿ ಗುಗ್ಗೆ ಐತೆ," ಎಂದ ಅವನು.

"ಗೊತ್ತೈತಿ. ದಿನಾ ನೋಡ್ತೀನಿ," ಎಂದು ಸ್ಪಿರಿಟ್ಟಿನಲ್ಲಿ ಒರೆಸಿ ಹಾಕಿಕೊಂಡಳು.

ಶಿಳ್ಳೆ ಏರಿತು. ಆರುನೂರರ ಕರಕರ ಇರಲಿಲ್ಲ. ನಾಲ್ಕು ಸಾವಿರದ ಕುಗ್ಗೂ ಇರಲಿಲ್ಲ. ನೀಲಾ ಕಣ್ಣು ಮುಚ್ಚಿದಲ್ಲೇ ಹಗುರಾದಳು. ದನಿ ಇನ್ನಷ್ಟು ಏರಿ, ದಾರದಂತೆ ಸಣ್ಣಗಾಗಿ, ಇಲ್ಲವಾಯಿತು. ಆಕೆ ಕೈ ಎತ್ತಿ ಕಾದಳು. ಏನೂ ಕೇಳಿಸಲಿಲ್ಲ.

"ಯಾಕ ನಿಲ್ಲಿಸಿದ್ರಿ? ಮುಂದ ಸರಿಸ್ರಿ."

"ಕೊನೇಗಂಟ ಸರ್ಸಿ ಮುಗೀತು," ಎಂದ ತಿಪ್ಪೇಸ್ವಾಮಿ.

ಈ ಹಾಳೆಯಲ್ಲೂ ದನಿ ನಿಂತದ್ದು ಹತ್ತು ಸಾವಿರಕ್ಕೇ. ಬೇರೆ ಕಂಪನಿಯ, ಬೇರೆ ತಯಾರಿಯ ಇಯರ್‌ಫೋನು. ಅಲ್ಲಿ ನಿಂತದ್ದು ಮಾಲಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ನೀಲಾ ಬರೆಯಲು ಕೂತಳು. ಎರಡು ಸಾಲು ಬರೆದಳು. ಒಂದು: ಎರಡೂ ಜೊತೆಗಳ ಒಳಗಿರುವುದು ಒಂದೇ ಸ್ಪೀಕರ್, ಒಡೆದು ನೋಡಬೇಕು. ಎರಡು: ಕೇಳಿದವಳಿಗೆ ಹತ್ತು ಸಾವಿರದಿಂದ ಮೇಲಿನ ದನಿ ಕೇಳಿಸುವುದಿಲ್ಲ. ಐದೂ ಹಾಳೆಗಳನ್ನು ಜೊತೆಗೆ ಪಿನ್ನು ಮಾಡಿದಳು. ಎರಡನೆಯ ಸಾಲು ಕಂಪನಿಗೆ ಯಾಕೆ ಬೇಕು ಎಂದು ತಿಪ್ಪೇಸ್ವಾಮಿ ಕೇಳಿದ್ದಕ್ಕೆ, ಅಳತೆಯ ಸಾಧನದ ದೋಷ ಎಷ್ಟೆಂದು ಅದರ ಮೇಲೆ ಬರೆದಿದ್ದರೆ ಮಾತ್ರ ಅದನ್ನು ಬಳಸಬಹುದು, ಬರೆಯದ್ದು ಗುಜರಿಗೆ ಹೋಗಬೇಕು ಎಂದಳು. ಕಾರ್ಖಾನೆಯವನೇ ಆದ ಅವನು ವಾದ ಮಾಡಲಿಲ್ಲ.

ಸೋಮವಾರ ತಾನೇ ಹೋಗಿ ಕಾಗದವನ್ನೂ ಎರಡು ಜೊತೆಗಳನ್ನೂ ಕೊಟ್ಟು ಬಂದಳು. ಆ ಶುಕ್ರವಾರ ಬಸವಕಿರಣ ಮನೆಗೇ ಬಂದ. ಒಡೆದು ನೋಡಿದ್ದರಂತೆ. ಗ್ರಾಫು ತೆಗೆದದ್ದು ಮಾಲು ತಯಾರಿಸುವವನು ಮೊದಲು ಕಳಿಸಿದ ಮಾದರಿಯಿಂದ. ಆಮೇಲೆ ಬಂದ ಲಾಟಿನಲ್ಲಿ ಹೊಸ ಕವಚದೊಳಗೆ ಹಳೆಯ ಸ್ಪೀಕರನ್ನೇ ತುರುಕಿದ್ದ. ಇಡೀ ಲಾಟು ವಾಪಸ್ಸು ಹೋಗಿ ಬೇರೆಯದು ಬಂದಿತ್ತು. ದೊಡ್ಡ ಸಾಹೇಬರು ಮೇಡಮ್ಮಿಗೆ ಧನ್ಯವಾದ ಹೇಳಿದ್ದಾರೆ ಎಂದ. ಅಷ್ಟು ಹೇಳಿದ ಮೇಲೆ ಚಹಾ ಮುಟ್ಟದೆ ಒಂದು ಲಕೋಟೆ ಕೈಗಿಟ್ಟ. ತಂಡದಲ್ಲಿರುವವರಿಗೆ ಹನ್ನೆರಡು ಸಾವಿರದವರೆಗಾದರೂ ಕೇಳಿಸಬೇಕೆಂಬುದು ನಿಯಮ; ಅನುಭವ ನೋಡಿ ಈಕೆಯನ್ನು ಮಾತ್ರ ಪರೀಕ್ಷಿಸದೆ ಸೇರಿಸಿಕೊಂಡಿದ್ದರು. ಆದ್ದರಿಂದ ಇನ್ನು ಬರುವ ಅಗತ್ಯವಿಲ್ಲ ಎಂದು ಅದರಲ್ಲಿತ್ತು.

"ಆ ಎರಡನೇ ಸಾಲು ಬರೀದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ಕಾಕು," ಎಂದ.

"ಅದನ್ನ ಮುಚ್ಚಿಟ್ಟಾಕಿ ಮೊದಲನೇ ಸಾಲು ಖರೇ ಬರದಾಳ ಅಂತ ನೀ ಹ್ಯಾಂಗ ನಂಬ್ತಿದ್ದಿ?"

ನೀಲಾ ಪತ್ರವನ್ನು ಇನ್ನೊಮ್ಮೆ ಓದಿ, ತಾರೀಖು ಸರಿಯಿದೆಯೇ ನೋಡಿ, ಮಡಿಸಿಟ್ಟಳು. ತಂಡದಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದಳು. ಉಳಿದ ಐದು ಜನ ಹಾಗೇ ಇದ್ದಾರೆ, ಅವರೆಲ್ಲರ ಕಿವಿ ಚೆನ್ನಾಗಿದೆ, ಪಿಂಕಿಗಂತೂ ಹದಿನಾರು ಸಾವಿರದವರೆಗೆ ಕೇಳಿಸುತ್ತದೆ ಎಂದ.

"ಹೊಸ ಲಾಟು ಅವರು ಕೇಳಿದ್ರೇನು?"

"ಈ ಸಲ ವಾರ ಮೊದಲ ಕರಸಿದ್ವಿ, ಇವತ್ತ ಮುಂಜಾನೆ ಕೇಳಿದ್ರು. ಭಾಳ ಚಲೋ ಐತಿ ಅಂತ ಐದೂ ಮಂದಿ ಬರದಾರ."

"ಒಂದನ್ನರ ಒಡದು ನೋಡಿದಿಯೇನು?"

ಬಸವಕಿರಣ ಚಹಾದ ಲೋಟ ಎತ್ತಿಕೊಂಡ. ಒಡೆದು ನೋಡಿರಲಿಲ್ಲ.