ಮೃತ ಸಮುದ್ರದ ದಾರಿಯಲ್ಲಿ ಕೇಳಿದ ಕರೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಸ್ಯಾನ್ ಡಿಯೇಗೊದ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಕಂಪ್ಯೂಟರ್ ಚಿಪ್‌ಗಳ ತಪ್ಪು ಹುಡುಕುವುದು ನನ್ನ ಕೆಲಸ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವಳು. ಆದರೂ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊದಲ ಕೆಲಸಕ್ಕೆ ಲಾಸ್ ಏಂಜಲೀಸ್‌ಗೆ ಬಂದಾಗ ಕಲ್ವರ್ ಸಿಟಿಯಲ್ಲಿ ಮಂಗಳೂರಿನ ಲಿಲ್ಲಿ ಆಂಟಿಯ ಮನೆಯಲ್ಲಿ ಬಾಡಿಗೆಗಿದ್ದೆ. ಸ್ಯಾನ್ ಡಿಯೇಗೊಗೆ ಹೋದ ಮೇಲೂ ಆ ನಂಟು ಉಳಿಯಿತು. ಕೋವಿಡ್‌ನಲ್ಲಿ ಅವರ ಗಂಡ ತೀರಿಕೊಂಡರು. ಬೈಬಲಿನ ನಾಡನ್ನು ಒಟ್ಟಿಗೆ ನೋಡಬೇಕೆಂದು ಇಬ್ಬರಿಗೂ ಆಸೆಯಿತ್ತಂತೆ. ವಿಮಾನಗಳು ಮತ್ತೆ ಮೊದಲಿನಂತೆ ಹಾರತೊಡಗಿದಾಗ ಆಂಟಿ ಫೋನ್ ಮಾಡಿ, "ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ, ನೀನು ಬರ್ತೀಯಾ?" ಎಂದರು. ರಜೆ ಹಾಕಿ ಹೊರಟೆ.

ಜೋರ್ಡನ್‌ನಲ್ಲಿ ಯೂಸುಫ್ ಎಂಬ ನಡುವಯಸ್ಸಿನ ಡ್ರೈವರ್ ಸಿಕ್ಕಿದ. ಸಾಯುವ ಮುಂಚೆ ಮೋಶೆ ನಿಂತು ತನ್ನ ಜನರಿಗೆ ಸಿಗಲಿದ್ದ ನಾಡನ್ನು ನೋಡಿದನೆಂಬ ನೆಬೋ ಬೆಟ್ಟಕ್ಕೆ ಬೆಳಿಗ್ಗೆ ಹೋದೆವು. ಆಂಟಿ ಅಲ್ಲಿ ಅಳುತ್ತಾರೆಂದುಕೊಂಡಿದ್ದೆ, ಅಳಲಿಲ್ಲ. ಶಾಲು ಹೊದ್ದು ಕೆಳಗಿನ ಕಣಿವೆಯನ್ನು ನೋಡುತ್ತ ನಿಂತಿದ್ದರು. ಅಲ್ಲಿಂದ ಇಳಿದು ಮೃತ ಸಮುದ್ರದ ದಂಡೆ ಹಿಡಿದು ದಕ್ಷಿಣಕ್ಕೆ ಹೊರಟೆವು. ಎಡಕ್ಕೆ ಬೋಳು ಬಂಡೆ, ಬಲಕ್ಕೆ ಅಲುಗಾಡದ ನೀರು. ಮಧ್ಯಾಹ್ನ ಎರಡು ಗಂಟೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಎಸಿ ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು.

ಆಗ ಯಾರೋ ನನ್ನನ್ನು ಕರೆದರು. ಕಾರಿನ ಹಿಂದಿನಿಂದ, ಮನೆಯವರಷ್ಟೇ ಕರೆಯುವ ಹೆಸರಿನಿಂದ. ವಯಸ್ಸಾದ ಹೆಂಗಸಿನ ದನಿ. ನಾನು ತಿರುಗುವಷ್ಟರಲ್ಲಿ ಆಂಟಿ "ಸ್ಟಾಪ್!" ಎಂದು ಕೂಗಿದರು. ಯೂಸುಫ್ ಅಷ್ಟರಲ್ಲೇ ಬ್ರೇಕ್ ಒತ್ತಿದ್ದ.

ಕಾರು ನಿಂತ ಕ್ಷಣಕ್ಕೇ ಮುಂದಿನ ತಿರುವಿನಲ್ಲಿ, ಕಣಿವೆಯ ಬಾಯಿಂದ ಕೆಸರು ನೀರು ನುಗ್ಗಿತು. ಕಲ್ಲುಗಳನ್ನು ಉರುಳಿಸುತ್ತ ರಸ್ತೆಯನ್ನೇ ಮುಚ್ಚಿ ಸಮುದ್ರಕ್ಕೆ ಹರಿಯಿತು. ನಿಲ್ಲಿಸದಿದ್ದರೆ ನಾವು ಅದರ ನಡುವೆ ಇರುತ್ತಿದ್ದೆವು.

ಇಳಿದು ನೋಡಿದರೆ ಹಿಂದಿನ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

"ನಿಂಗೂ ಕೇಳಿತಾ?" ಎಂದರು ಆಂಟಿ.

"ಹೌದು, ಯಾರೋ ನನ್ನ ಹೆಸರು ಕರೆದರು."

"ನಿನ್ನ ಹೆಸರಲ್ಲ ಮಾರಾಯ್ತಿ, ನನ್ನದು. ನಮ್ಮ ಯಜಮಾನರೇ ಕರೆದದ್ದು, ಕೊಂಕಣಿಯಲ್ಲಿ."

ಯೂಸುಫ್‌ಗೆ ನಮ್ಮ ಮಾತು ಅರ್ಥವಾಗುವಂತಿರಲಿಲ್ಲ. ಅವನು ಬಿಳಿಚಿಕೊಂಡ ಮುಖ ಒರೆಸುತ್ತ ಇಂಗ್ಲಿಷಿನಲ್ಲಿ, "ನನ್ನ ತಾಯಿ ಕರೆದಳು. ಅವಳು ಸತ್ತು ಬಹಳ ವರ್ಷವಾಯಿತು" ಎಂದ.

ಆಂಟಿ ರಸ್ತೆಯ ಬದಿಯಲ್ಲಿ ಕುಳಿತರು. "ಈ ಬೈಬಲಿನ ನಾಡಲ್ಲಿ ಹೆಸರು ಹಿಡಿದು ಕರೆಯೋದು ಹೊಸತಲ್ಲ ಬಿಡು, ಮೋಶೆಯನ್ನೂ ದೇವರು ಹಾಗೇ ಕರೆದದ್ದು" ಎಂದು ಹೇಳಿ, ಆಗ ಅತ್ತರು.

ಸ್ಯಾನ್ ಡಿಯೇಗೊದ ಕಾರ್ಮೆಲ್ ವ್ಯಾಲಿಯ ನಮ್ಮ ಮನೆಗೆ ಮರಳಿದ ಮೇಲೆ ನನ್ನ ಗಂಡ ವಿವರಿಸಿದರು: ದೂರದ ಬೆಟ್ಟದಲ್ಲಿ ಮಳೆಯಾಗಿರುತ್ತೆ, ನೀರಿನ ಮೊರೆತ ಕಿವಿಗೆ ಹೆಸರಿನ ಹಾಗೆ ಕೇಳಿಸಿರುತ್ತೆ. ಇರಬಹುದು. ಆದರೆ ನೀರು ಬಂದದ್ದು ಮುಂದಿನಿಂದ, ದನಿ ಬಂದದ್ದು ಹಿಂದಿನಿಂದ.

ಆಂಟಿಗೆ ಈಗ ಸಮಾಧಾನವಿದೆ. ಕರೆದವರು ಯಾರೆಂದು ಅವರಿಗೆ ಗೊತ್ತು. ಯೂಸುಫ್‌ಗೂ ಗೊತ್ತು. ನನ್ನನ್ನು ಆ ಹೆಸರಿನಿಂದ ಇದುವರೆಗೆ ಕರೆದವರು ನಾಲ್ಕೇ ಜನ. ನಾಲ್ವರ ದನಿಯನ್ನೂ ನಾನು ಚೆನ್ನಾಗಿ ಬಲ್ಲೆ. ಅಂದು ಕೇಳಿದ್ದು ಅವರಲ್ಲಿ ಯಾರದೂ ಅಲ್ಲ.