ಉಸಿರಾಡಲು ಬಂದವರು

ನಾದವನ್ನು ಕೊಟ್ಟ ದೇವರಿಗೂ, ಅದನ್ನು ಕೇಳುವ ಕಿವಿ ಕೊಟ್ಟ ತಾಯಿತಂದೆಗೂ, ಕೇಳಿದ್ದನ್ನು ತಿದ್ದಿಕೊಟ್ಟ ಗುರುವಿಗೂ ಮೊದಲು ತಲೆಬಾಗುತ್ತೇನೆ. ಅವರ ಋಣವನ್ನು ನೆನೆಯದೆ ಈ ಮಾತನ್ನು ಎತ್ತಲಾರೆ.

ಇಂದು ಬೆಳಗ್ಗೆ ಪೂಜೆಗೆ ಮಡಿಪಂಚೆ ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದಾಗ ನುಸಿಗುಳಿಗೆಯ ವಾಸನೆ ಬಂತು. ಒಡನೆ ಶಿವಾಜಿನಗರದ ಸಾಹೇಬರು ನೆನಪಾದರು. ಪಿಯಾನೋಗಳನ್ನು ಶ್ರುತಿ ಮಾಡುವುದು ಅವರ ಕಸುಬು. ಒಳಗಿನ ಪುಟ್ಟ ಸುತ್ತಿಗೆಗಳಿಗೆ ಹೊದಿಸಿದ ಉಣ್ಣೆಯನ್ನು ನುಸಿ ತಿನ್ನದಿರಲೆಂದು ಅವರ ಜುಬ್ಬಾದ ಜೇಬಿನಲ್ಲಿ ಸದಾ ನಾಲ್ಕಾರು ಗುಳಿಗೆಗಳಿರುತ್ತಿದ್ದವು...

ಹಲಸೂರಿನ ನಮ್ಮ ಮನೆಯಲ್ಲಿ ಮೂರು ತಲೆಮಾರು ವೀಣೆ ನುಡಿದಿದೆ; ನಾನೂ ಅದನ್ನೇ ಕಲಿಸುತ್ತ ಬಂದ ಮೇಷ್ಟ್ರು. ಮೊಮ್ಮಗಳು ಮಾತ್ರ ಪಿಯಾನೋಗೆ ಒಲಿದಳು. ಹದಿನೇಳನೆಯ ವಯಸ್ಸಿಗೆ ಅವಳ ಮೊದಲ ಕಛೇರಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಹಳೆಯ ಚರ್ಚೊಂದರ ಸಭಾಂಗಣದಲ್ಲಿ ಗೊತ್ತಾಯಿತು. ಜನರೆದುರು ನುಡಿಸಿದ್ದನ್ನು ಹಾಗೆಯೇ ಧ್ವನಿಮುದ್ರಿಸಿ ಹೊರತರಬೇಕೆಂಬುದು ತೀರ್ಮಾನ. ತಪ್ಪಿದರೆ ಮತ್ತೆ ನುಡಿಸಿ ಸೇರಿಸುವಂತಿರಲಿಲ್ಲ.

ಹಿಂದಿನ ದಿನ ಆಪ್ತರೆದುರು ಒಮ್ಮೆ ನುಡಿಸಿ ನೋಡಿದಳು. ಸದ್ದು ಬೀಳಬಾರದೆಂದು ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿದ್ದರು. ಅರ್ಧ ಗಂಟೆಯಲ್ಲಿ ಸಭಾಂಗಣ ಕಾದು, ನಡುವಿನ ಸ್ವರಗಳು ಇಳಿಯತೊಡಗಿದವು. ಮಗು ಕೈ ತೆಗೆದು ಎದ್ದುಬಿಟ್ಟಳು.

“ರೆಕಾರ್ಡಿಂಗ್ ಬೇಡ ತಾತ. ಒಂದ್ಸಲ ಹೊರಗೆ ಬಂದ್ರೆ ಈ ಅಪಸ್ವರಾನ ಅಳಿಸೋಕಾಗಲ್ಲ.”

ಸಾಹೇಬರು ಅವಳೆದುರು ಬಂದು ನಿಂತರು. “ತಪ್ಪು ನಂದು ಬೇಟಿ. ಖಾಲಿ ಹಾಲ್‌ನಲ್ಲಿ ಶ್ರುತಿ ಮಾಡ್ಬಿಟ್ಟೆ.” ಬಳಿಕ ನನ್ನತ್ತ ತಿರುಗಿದರು. “ಮೇಷ್ಟ್ರೇ, ನಾಳೆ ಮಧ್ಯಾಹ್ನ ನಂಗೆ ಐವತ್ತು ಜನ ಕೊಡ್ತೀರಾ? ಸುಮ್ನೆ ಕೂರ್ಬೇಕು. ಅವರ ಬಿಸಿಗೆ ತಂತಿ ಎಷ್ಟು ಇಳಿಯುತ್ತೋ ನೋಡ್ಕೊಂಡು ಬಿಗೀತೀನಿ.”

ಕೆಲಸದ ದಿನ ಐವತ್ತು ಜನ ಬಿಡುವಾಗಿರುವ ಜಾಗ ನನಗೆ ಒಂದೇ ಗೊತ್ತಿತ್ತು: ನಮ್ಮ ಬೀದಿಯ ಭಜನಾ ಮಂಡಳಿ. ಮರುದಿನ ತಾಯಂದಿರೆಲ್ಲ ಬಂದು, ಚಪ್ಪಲಿಯನ್ನು ಹೊರಗೆ ಬಿಟ್ಟು, ಚರ್ಚಿನ ಬೆಂಚುಗಳಲ್ಲಿ ಸಾಲಾಗಿ ಕುಳಿತರು.

“ಹಾಡೋ ಹಾಗಿಲ್ಲ, ತಾಳ ಹಾಕೋ ಹಾಗಿಲ್ಲ. ಮತ್ತೆ ನಮ್ಮನ್ನ ಯಾಕ್ರೀ ಕರೆಸಿದ್ದು?” ಎಂದರು ಮಂಡಳಿಯ ಹಿರಿಯಾಕೆ.

“ಉಸಿರಾಡಿ ಅಮ್ಮಾ, ಅಷ್ಟು ಸಾಕು.”

“ಅದನ್ನ ಮನೇಲೇ ಮಾಡ್ಕೊಂಡಿದ್ವಲ್ಲ ಸಾಹೇಬ್ರೇ.”

ಎಲ್ಲರೂ ನಕ್ಕರು. “ನಗಬೇಡಿ, ಬಿಸಿ ಲೆಕ್ಕಕ್ಕಿಂತ ಜಾಸ್ತಿ ಆಗುತ್ತೆ,” ಎಂದು ಸಾಹೇಬರು ತಾವು ನಗದೆ ಹೇಳಿ, ಪಿಯಾನೋದೊಳಗೆ ಬಗ್ಗಿದರು.

ಎರಡು ಗಂಟೆ ಯಾರೂ ಮಾತಾಡಲಿಲ್ಲ. ಸೆರಗಿನಿಂದ ಬೆವರೊರೆಸಿಕೊಂಡರು, ಕೆಲವರು ಮನಸ್ಸಿನಲ್ಲೇ ಜಪಕ್ಕೆ ತೊಡಗಿದರು. ಅರವತ್ತು ವರ್ಷ ತಂಬೂರಿಯ ಮುಂದೆ ಕುಳಿತ ನನಗೆ ಕೇಳಿಸದ ಅಲುಗಾಟ ಆ ಮನುಷ್ಯನಿಗೆ ಕೇಳಿಸುತ್ತಿತ್ತು. ಒಂದೊಂದೇ ತಂತಿಯನ್ನು ಮುಟ್ಟಿ, ಕಾದು, ಮತ್ತೆ ಮುಟ್ಟಿ...

ಸಂಜೆ ಕಛೇರಿ ಶುರುವಾಯಿತು, ಧ್ವನಿಮುದ್ರಕ ತನ್ನ ಯಂತ್ರ ಹಚ್ಚಿದ; ಸಾಹೇಬರು ಬಾಗಿಲ ಬಳಿ ಗೋಡೆಗೆ ಒರಗಿ ನಿಂತರು. ಕೊನೆಯ ವಿಳಂಬದ ಕೃತಿಯಲ್ಲಿ, ಹಿಂದಿನ ದಿನ ಇಳಿದಿದ್ದ ಆ ಸ್ವರಗಳ ಜಾಗ ಬಂತು. ನಾನು ಇಷ್ಟದೈವವನ್ನು ನೆನೆದೆ. ಸ್ವರ ನೆಟ್ಟಗೆ ನಿಂತಿತು. ಮೊಮ್ಮಗಳ ಭುಜ ಸಡಿಲವಾಯಿತು. ತಿರುಗಿ ನೋಡಿದೆ, ಅಷ್ಟು ಹೊತ್ತೂ ಶ್ರುತಿಯ ಕೀಲಿಯನ್ನು ಬಿಗಿಹಿಡಿದಿದ್ದ ಕೈಯನ್ನು ಸಾಹೇಬರು ಜೇಬಿನಿಂದ ಹೊರತೆಗೆದು ಒರೆಸಿಕೊಳ್ಳುತ್ತಿದ್ದರು.

ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅವರ ಹೆಸರು ಹಾಕುವುದಾಗಿ ಮೊಮ್ಮಗಳು ಹೇಳಿದಾಗ, “ನಂದೊಂದೇ ಯಾಕೆ? ಆ ಅಮ್ಮಂದಿರದೂ ಹಾಕು. ಜಾಗ ಸಾಲಲ್ಲ ಅಂದ್ರೆ ನಂದೂ ಬೇಡ,” ಎಂದರು. ಜಾಗ ಸಾಲಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಮಂಡಳಿಯಲ್ಲೂ ಕೆಲವರು ಈಗಿಲ್ಲ. ಆ ಪಿಯಾನೋಗೆ ಈಗ ಬರುವವರು ಯಂತ್ರ ನೋಡಿ ಶ್ರುತಿ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಐವತ್ತು ಜನ ಕೊಡಿ ಎಂದು ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ...

ಅಂದು ನುಡಿಸಿದ ಬೆರಳುಗಳಿಗೆ, ತಂತಿ ಬಿಗಿದ ಕೈಗೆ, ಬೆವರುತ್ತ ಸುಮ್ಮನೆ ಕುಳಿತ ತಾಯಂದಿರಿಗೆ, ಕೇಳಿ ಎಲ್ಲವನ್ನೂ ಹಿಡಿದಿಟ್ಟ ಧ್ವನಿಮುದ್ರಕನಿಗೆ ಭಗವಂತ ಒಳಿತು ಮಾಡಲಿ. ಇರುವವರಿಗೆ ಆಯುರಾರೋಗ್ಯ, ಹೋದವರಿಗೆ ಸದ್ಗತಿ ದೊರೆಯಲಿ.