ಹುಳದ ಮನೆಯ ನಿರುದ್ಯೋಗಿ

ಡಿಗ್ರಿ ಮುಗಿಸಿದವರೆಲ್ಲ ಯಾವ ಕೆಲಸಕ್ಕೆ ಸೇರಿದ್ದಾರೆಂದು ಬರೆದು ತರಲು ತೊಂಬತ್ತರ ದಶಕದಲ್ಲಿ ನಮ್ಮ ಸರ್ಕಾರಿ ಕಚೇರಿ ನನ್ನನ್ನು ಮನೆಮನೆಗೆ ಅಟ್ಟಿತ್ತು. ಗುಂಡ್ಲುಪೇಟೆಯಲ್ಲಿ ಒಬ್ಬ ಬಿ.ಕಾಂ. ಈರುಳ್ಳಿ ತೂಗುತ್ತಿದ್ದ. ಒಬ್ಬ ಬಿ.ಎ. ಲಾರಿ ಆಫೀಸಿನಲ್ಲಿ ಕೂತಿದ್ದ. ಇಬ್ಬರೂ ನಿರುದ್ಯೋಗಿ ಅಂತಲೇ ಬರೆಸಿದರು. ಚಂದಕವಾಡಿಗೆ ಬರುವಷ್ಟರಲ್ಲಿ ನನಗೆ ಸಾಕಾಗಿತ್ತು.

ಅಲ್ಲಿ ಬಿ.ಎಸ್ಸಿ. ಮಾಡಿದ ಹುಡುಗಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು.

"ರೇಷ್ಮೆ ಕೃಷಿ ಅಂತ ಬರ್ಕೊಳ್ಳಲಾ?" ಅಂದೆ.

"ಬ್ಯಾಡಿ ಸಾ! ಕೆಲ್ಸ ಐತೆ ಅಂದ್ರೆ ಎಂಪ್ಲಾಯ್‌ಮೆಂಟ್ ಕಾರ್ಡ್ ಕ್ಯಾನ್ಸಲ್ ಮಾಡ್ಬುಟ್ಟಾರು. ಸರ್ಕಾರಿ ಕೆಲ್ಸಕ್ಕೆ ಹೆಸ್ರು ಬರ್ಸಿ ಕಾಯ್ತಿರೋ ಐದ್ ವರ್ಸದ ಸೀನಿಯಾರಿಟಿ ಮಣ್ಣಾಗೋಯ್ತದೆ."

"ಕಣ್ಣಾರೆ ನೋಡ್ತಿದ್ದೀನಲ್ಲಮ್ಮ. ಸುಳ್ಳು ಬರೀಲಾ?"

"ಮೊದ್ಲು ಆ ಸೊಪ್ಪಿನ ಮಂಕ್ರಿ ಇತ್ತಗ್ ಕೊಡಿ. ಹುಳ ಹಸ್ಕೊಂಡವೆ. ಸರ್ಕಾರಿ ಕೆಲ್ಸದವ್ರಿಗೆ ಬಗ್ಗಕ್ಕೂ ಬರಕಿಲ್ವಾ?"

ಬಗ್ಗಿದೆ. ಒಂದು ಬುಟ್ಟಿ ಮುಗಿದರೆ ಇನ್ನೊಂದು ಎತ್ತಿಸಿದಳು. ಬಸ್ಸಿನ ಹೊತ್ತಾಗುವವರೆಗೂ ಅವಳ ಜೊತೆ ಹುಳದ ತಟ್ಟೆ ತಟ್ಟೆಗೂ ಸೊಪ್ಪು ಹಾಕಿದೆ. ಅವಳು ಒಮ್ಮೆಯೂ ಕೂರಲಿಲ್ಲ. ಕೊನೆಗೆ ಕೈ ಒರೆಸಿಕೊಂಡು, ಅವಳ ಹೆಸರಿನ ಮುಂದೆ ನಿರುದ್ಯೋಗಿ ಎಂದೇ ಬರೆದೆ.

ಅವಳ ನಿರುದ್ಯೋಗಕ್ಕೆ ನನ್ನ ಸೊಂಟ ಎರಡು ದಿನ ನೋಯಿತು.